ಬಂಟವಾಳದ ಓಡ, ಬಸ್ಸು, ರೈಲು

ಮಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟ ತಮ್ಮ ಬಸ್ಸು ಬಿ. ಸಿ. ರೋಡಿನಲ್ಲಿ ನಿಂತಾಗ ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಬಂಟವಾಳ ಕ್ರಾಸ್ ರೋಡ್ ಎಂಬುದರ ಸಂಕ್ಷೇಪವದು. ಮೂಲ ಪೇಟೆ ಇರುವುದು ಅಲ್ಲಿಂದ ಕೊಂಚ ದೂರ, ನೇತ್ರಾವತಿಯ ದಂಡೆಯಲ್ಲಿ. ಹೆಸರು ಕೂಡುರಸ್ತೆಗೆ ಹೋಯಿತು, ವ್ಯಾಪಾರವೂ ಅದರ ಬೆನ್ನುಹತ್ತಿತು.

ಹಿಂದೆ ಹೀಗಿರಲಿಲ್ಲ. ಚಾರ್ಮಾಡಿ ಘಾಟಿಯಿಳಿದು ಬೆಳ್ತಂಗಡಿಯ ಮೇಲಾಗಿ ಬಂದ ಎತ್ತಿನ ಗಾಡಿಗಳು ಮೈಸೂರು ಸೀಮೆಯ ಕಾಫಿಯನ್ನು ಬಂಟವಾಳದಲ್ಲಿ ಇಳಿಸುತ್ತಿದ್ದವು. ಅಲ್ಲಿಂದ ಮಂಗಳೂರ ಬಂದರಕ್ಕೆ ಓಡದ ಪಯಣ. ಇಳಿಯುವಾಗ ಹೊಳೆಯೇ ಅರ್ಧ ದುಡಿಯುತ್ತದೆ. ಉಪ್ಪು, ಒಣಮೀನು ತುಂಬಿ ಏರುವಾಗ ಮಾತ್ರ ಓಡದವನ ರಟ್ಟೆಯೇ ಗತಿ. ಅದೇ ಹೊಳೆ 1923ರಲ್ಲಿಯೂ 1974ರಲ್ಲಿಯೂ ಪೇಟೆಯೊಳಕ್ಕೆ ನುಗ್ಗಿತೆಂಬುದನ್ನೂ ಮರೆಯಬಾರದು. ಅನ್ನ ಕೊಟ್ಟ ನೀರೇ ಅಂಗಡಿಯ ಮೆಟ್ಟಿಲೇರಿತು.

1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯ ಬಸ್ಸು ಮಂಗಳೂರು–ಬಂಟವಾಳಗಳ ನಡುವೆ ಓಡಲಾರಂಭಿಸಿತು. ನಮ್ಮವರ ಬಾಯಲ್ಲಿ ಅದು ಸಿ. ಪಿ. ಸಿ. ಜಿಲ್ಲೆಯ ಮೊದಲ ಬಸ್ಸು ದಾರಿ ಓಡದ ದಾರಿಯ ಪಕ್ಕದಲ್ಲಿಯೇ ಹುಟ್ಟಿದ್ದು ಆಕಸ್ಮಿಕವಲ್ಲ. ಸರಕೂ ಜನವೂ ಇದ್ದದ್ದು ಅಲ್ಲಿ. ಇಂಥ ದೊಡ್ಡ ಹೊಳೆಯ ಆಸರೆಯಿಲ್ಲದ ಮೂಡುಬಿದಿರೆಗಂತೂ, ಸಾವಿರ ಕಂಬದ ಬಸದಿಯಿದ್ದರೂ, ರಸ್ತೆಯೇ ಸರ್ವಸ್ವ.

ರೈಲಿನ ಕಥೆ ನಿಧಾನದ್ದು. ಮಂಗಳೂರಿಗೆ 1907ರಲ್ಲಿಯೇ ಬಂದ ರೈಲು ಬಂಟವಾಳ ಮುಟ್ಟಲು ಹಾಸನದ ಮೀಟರ್ ಗೇಜ್ ಹಳಿ ಬೇಕಾಯಿತು. ಅದು ಪೂರ್ಣವಾದದ್ದು 1979ರಲ್ಲಿ. ತೊಂಬತ್ತರ ದಶಕದಲ್ಲಿ ಹಳಿ ಅಗಲಿಸಲೆಂದು ನಿಂತ ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ ಮರಳಿತು. ಬೆಳ್ತಂಗಡಿಗೂ ಮೂಡುಬಿದಿರೆಗೂ ಇನ್ನೂ ನಿಲ್ದಾಣವಿಲ್ಲ. ಅಲ್ಲಿಯವರು ರೈಲು ಹಿಡಿಯಬೇಕಾದರೆ ಮೊದಲು ಬಸ್ಸು ಹಿಡಿಯಬೇಕು.