ಎರಡು ಫ್ರೆಟ್ ಗಿಡ್ಡ

ಬೆಂಗಳೂರಿನ ಯಾವ ವಾದ್ಯದಂಗಡಿಗೆ ಹೋದರೂ ಗೋಡೆಯ ಮೇಲೆ ಸಾಲಾಗಿ ತೂಗುವ ಸ್ಟೀಲ್ ತಂತಿಯ ಗಿಟಾರ್‌ಗಳಲ್ಲಿ ಹೆಚ್ಚಿನವುಗಳ ಕತ್ತು ಒಡಲನ್ನು ಸೇರುವುದು ಹದಿನಾಲ್ಕನೆಯ ಫ್ರೆಟ್ಟಿನ, ಅಂದರೆ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಹದಿನಾಲ್ಕನೆಯ ಲೋಹಪಟ್ಟಿಯ, ಬಳಿ. ಗಿಟಾರ್ ಎಂದರೆ ಹೀಗೇ ಇರಬೇಕು ಎನ್ನುವಷ್ಟು ಇದು ರೂಢಿಯಾಗಿದೆ. ಆದರೆ ಚಪ್ಪಟೆ ಹಲಗೆಯ ಗಿಟಾರ್‌ನಲ್ಲಿ ಈ ರೂಢಿ ಬೇರುಬಿಟ್ಟು ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೆ ಕಾರಣನಾದವನು ಗಿಟಾರ್‌ನಲ್ಲೇ ಬೆಳೆದವನೂ ಅಲ್ಲ, ಬ್ಯಾಂಜೊ ನುಡಿಸುತ್ತಿದ್ದವನು. ಈಗ ಹತ್ತಿಪ್ಪತ್ತು ವರ್ಷಗಳಿಂದ ಹನ್ನೆರಡನೆಯ ಫ್ರೆಟ್ಟಿಗೇ ಕತ್ತು ಮುಗಿಯುವ ಹಳೆಯ ಮಾದರಿಗಳು ಒಂದೊಂದಾಗಿ ಮರಳಿ ಬರುತ್ತಿವೆ. ಕೊಳ್ಳುವವರು ಕೊಡುವ ಕಾರಣ ಎರಡು: ನಾದ ಚೆನ್ನ, ತೋಳಿಗೆ ಹಿತ.

ಇಲ್ಲಿ ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ಗಿಡ್ಡ ಕತ್ತು ಎನ್ನುವಾಗ ಜನ ಎರಡು ಬೇರೆಬೇರೆ ಸಂಗತಿಗಳನ್ನು ಕಲಸಿಬಿಡುತ್ತಾರೆ. ಕತ್ತು ಒಡಲಿಗೆ ಎಷ್ಟನೆಯ ಫ್ರೆಟ್ಟಿನಲ್ಲಿ ಕೂಡುತ್ತದೆ ಎನ್ನುವುದು ಒಂದು. ಮೇಲಿನ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ ಕಂಪಿಸುವ ತಂತಿಯ ಉದ್ದ ಎಷ್ಟು ಎನ್ನುವುದು ಇನ್ನೊಂದು. ಇದಕ್ಕೆ ಸ್ಕೇಲ್ ಎನ್ನುತ್ತಾರೆ. ಒಂದಕ್ಕೊಂದು ಕಟ್ಟುಬಿದ್ದಿಲ್ಲ. ಶಾಸ್ತ್ರೀಯ ನೈಲಾನ್ ಗಿಟಾರ್‌ನ ಕತ್ತು ಹನ್ನೆರಡನೆಯ ಫ್ರೆಟ್ಟಿಗೇ ಮುಗಿಯುತ್ತದೆ, ಆದರೆ ಅದರ ಸ್ಕೇಲ್ 650 ಮಿ.ಮೀ., ಅಂದರೆ ಮಾರ್ಟಿನ್ ಕಂಪನಿಯ ಉದ್ದ ಸ್ಕೇಲಿಗಿಂತಲೂ (25.4 ಇಂಚು, ಸುಮಾರು 645 ಮಿ.ಮೀ.) ಹೆಚ್ಚು. 1942ರಲ್ಲಿ ಬಂದ ಗಿಬ್ಸನ್ ಜೆ-45 ಇದರ ತಿರುಗುಮುರುಗು: ಕೂಡುವುದು ಹದಿನಾಲ್ಕರಲ್ಲಿ, ಸ್ಕೇಲ್ ಮಾತ್ರ ಸುಮಾರು 24¾ ಇಂಚು. ಎರಡೂ ಗಿಡ್ಡವೇ, ಗಿಡ್ಡತನದ ಬಗೆ ಬೇರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸ್ಪೇನಿನಲ್ಲಿ ಇಂದಿನ ಶಾಸ್ತ್ರೀಯ ಗಿಟಾರ್‌ಗೆ ರೂಪ ಕೊಟ್ಟ ಆಂಟೋನಿಯೊ ದೆ ಟೊರೆಸ್ ಆಗಲಿ, ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್‌ನಿಂದ 1833ರಲ್ಲಿ ಅಮೆರಿಕಕ್ಕೆ ಹೋಗಿ ಕೆಲ ವರ್ಷಗಳ ನಂತರ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆಯೂರಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಆಗಲಿ, ಕಟ್ಟುತ್ತಿದ್ದದ್ದು ಹನ್ನೆರಡು ಫ್ರೆಟ್ಟಿನ ಗಿಟಾರ್‌ಗಳನ್ನೇ. ತಂತಿ ಪ್ರಾಣಿಯ ಕರುಳಿನದು, ಕೇಳುವವರು ಮನೆಯ ಪಡಸಾಲೆಯವರು. ಒಡಲೂ ಚಿಕ್ಕದು. ಇಂದು ಪಾರ್ಲರ್ ಗಿಟಾರ್ ಎಂದು ಮುದ್ದಾಗಿ ಕರೆಯುವ ಅಳತೆ ಆಗಿನ ಕಾಲಕ್ಕೆ ಮಾಮೂಲಿ ಅಳತೆ. ಹಲಗೆಯ ಒಳಬದಿಗೆ ಗುಣಾಕಾರದ ಗುರುತಿನಂತೆ ಅಡ್ಡಹಾಯುವ ಪಟ್ಟಿ ಅಂಟಿಸುವ ಕ್ರಮ 1840ರ ದಶಕದಲ್ಲಿ ಮಾರ್ಟಿನ್ ಗಿಟಾರ್‌ಗಳಲ್ಲಿ ಕಾಣಿಸಿಕೊಂಡಿತು. ಕರುಳಿನ ತಂತಿಗೆಂದು ಹುಟ್ಟಿದ ಈ ಏರ್ಪಾಟು ಮುಂದೆ ಸ್ಟೀಲ್ ತಂತಿಯ ಬಿಗಿತವನ್ನು ತಡೆದುಕೊಂಡಿತು.

ಸ್ಟೀಲ್ ಬಂದದ್ದು ಹವಾಯಿಯ ದಾರಿಯಿಂದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ಪ್ರದರ್ಶನದ ನಂತರ ಅಮೆರಿಕದ ಉದ್ದಗಲಕ್ಕೂ ಹವಾಯಿ ಸಂಗೀತದ ಹುಚ್ಚು ಹತ್ತಿತು. ತೊಡೆಯ ಮೇಲೆ ಗಿಟಾರ್ ಮಲಗಿಸಿ ಲೋಹದ ತುಂಡಿನಿಂದ ಜಾರಿಸುವ ಆ ಬಗೆಗೆ ಸ್ಟೀಲ್ ತಂತಿಯೇ ಬೇಕು. (ಅದೇ ಬಗೆ ನಮ್ಮಲ್ಲಿಗೆ ಬಂದು ವಿಶ್ವಮೋಹನ ಭಟ್ಟರ ಮೋಹನವೀಣೆಯವರೆಗೆ ಬೆಳೆಯಿತು. ಅಲ್ಲಿ ಫ್ರೆಟ್ ಒತ್ತುವ ಮಾತೇ ಇಲ್ಲವಾದ್ದರಿಂದ ನಮ್ಮ ಚರ್ಚೆಗೆ ಅದು ಹೊರಗು.) 1922ರಲ್ಲಿ ಮಾರ್ಟಿನ್ ತನ್ನ 2-17 ಮಾದರಿಯನ್ನು ಸ್ಟೀಲ್ ತಂತಿಗೆಂದೇ ಕಟ್ಟಲು ತೊಡಗಿತು. ಗಿಟಾರ್‌ನ ದನಿ ಏರಿತು, ಕತ್ತು ಮಾತ್ರ ಇದ್ದಲ್ಲೇ ಉಳಿಯಿತು.

ಅದನ್ನು ಬದಲಿಸಿದ್ದು ನೃತ್ಯದ ಬ್ಯಾಂಡ್‌ಗಳು. 1920ರ ದಶಕದ ಕೊನೆಗೆ ಬ್ಯಾಂಜೊದ ಮಾರುಕಟ್ಟೆ ಕುಸಿಯುತ್ತಿತ್ತು; ಅದನ್ನು ನುಡಿಸುತ್ತಿದ್ದವರು ಹೊಟ್ಟೆಪಾಡಿಗೆ ಗಿಟಾರ್ ಹಿಡಿಯಬೇಕಾಯಿತು. ಬ್ಯಾಂಜೊದ ನೀಳ ಕತ್ತಿನ ಮೇಲೆ ಮೇಲಿನ ಸ್ವರಗಳಿಗೆ ಸಲೀಸಾಗಿ ಓಡುತ್ತಿದ್ದ ಎಡಗೈ ಗಿಟಾರ್‌ನ ಹನ್ನೆರಡನೆಯ ಫ್ರೆಟ್ ದಾಟುತ್ತಲೇ ಒಡಲಿನ ಹೆಗಲಿಗೆ ಡಿಕ್ಕಿ ಹೊಡೆಯುತ್ತಿತ್ತು. ಅಟ್ಲಾಂಟಾದ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕ ಮಾರ್ಟಿನ್ ಕಂಪನಿಗೆ ಹೋಗಿ ಉದ್ದ ಕತ್ತು ಬೇಕೆಂದ. ಹಾಗೆ 1929ರಲ್ಲಿ ಹುಟ್ಟಿದ್ದು ಆರ್ಕೆಸ್ಟ್ರಾ ಮಾಡೆಲ್, ಅಂದರೆ ಓಎಂ. ಉಬ್ಬು ಹಲಗೆಯ ಗಿಬ್ಸನ್ ಎಲ್-5ಕ್ಕೆ 1922ರಲ್ಲೇ ಹದಿನಾಲ್ಕು ಫ್ರೆಟ್‌ಗಳಿದ್ದವು ನಿಜ. ಚಪ್ಪಟೆ ಹಲಗೆಯ ಗಿಟಾರ್‌ಗಳ ದಿಕ್ಕು ತಿರುಗಿದ್ದು ಮಾತ್ರ ಓಎಂನಿಂದ.

ಅದನ್ನು ಮಾಡಿದ ಬಗೆಯನ್ನು ತುಸು ನಿಧಾನವಾಗಿ ನೋಡಬೇಕು, ನಾದದ ಜಗಳವೆಲ್ಲ ಇರುವುದು ಅಲ್ಲೇ. ಮಾರ್ಟಿನ್ ಕತ್ತನ್ನು ಎಳೆದು ಉದ್ದ ಮಾಡಲಿಲ್ಲ. ತನ್ನ 000 ಮಾದರಿಯ ಒಡಲಿನ ಮೇಲುಭಾಗವನ್ನು ಇಂಚಿನಷ್ಟು ಮೊಟಕುಗೊಳಿಸಿ, ಇಳಿಜಾರಾಗಿದ್ದ ಹೆಗಲನ್ನು ಚೌಕಾಕಾರಕ್ಕೆ ತಂದಿತು. 645 ಮಿ.ಮೀ. ಸ್ಕೇಲಿನಲ್ಲಿ ಹನ್ನೆರಡನೆಯ ಫ್ರೆಟ್ಟಿಗೂ ಹದಿನಾಲ್ಕನೆಯದಕ್ಕೂ ಇರುವ ಅಂತರ ಲೆಕ್ಕ ಹಾಕಿದರೆ ಸುಮಾರು 35 ಮಿ.ಮೀ. ಕತ್ತು ಅಷ್ಟು ಹೊರಗೆ ಹೋದರೆ ತಂತಿಯ ಇನ್ನೊಂದು ತುದಿಯಲ್ಲಿರುವ ಬ್ರಿಜ್ ಕತ್ತಿನ ಬುಡಕ್ಕೆ ಅಷ್ಟೇ ಹತ್ತಿರ ಬರಬೇಕು. ಹಳೆಯ ಗಿಟಾರ್‌ನಲ್ಲಿ ಬ್ರಿಜ್ ಕೂತಿರುತ್ತಿದ್ದದ್ದು ಕೆಳಹೊಟ್ಟೆಯ ಅಗಲವಾದ ಜಾಗದ ನಡುವಿಗೆ ಹತ್ತಿರ. ಹೊಸದರಲ್ಲಿ ಅದು ನಾದರಂಧ್ರದ ಕಡೆ ಸರಿಯಿತು. ತಮಟೆಯ ನಡುವಿಗೆ ಬಡಿದಾಗ ಏಳುವ ತುಂಬುದನಿಗೂ ಅಂಚಿಗೆ ಬಡಿದಾಗ ಬರುವ ಚುರುಕುದನಿಗೂ ಇರುವ ಅಂತರವನ್ನು ಕಡಿಮೆ ಪ್ರಮಾಣದಲ್ಲಿ ಊಹಿಸಿಕೊಂಡರೆ ಇಲ್ಲಿ ಆದದ್ದು ತಿಳಿಯುತ್ತದೆ. ಅಗಲ ಜಾಗದ ನಡುವೆ ಹಲಗೆ ಹೆಚ್ಚು ಸಡಿಲವಾಗಿ ಅಲುಗುತ್ತದೆ. ಮಂದ್ರ ತುಂಬಿಕೊಳ್ಳುತ್ತದೆ, ಒಂದೊಂದು ಸ್ವರದ ಮೈ ದುಂಡಗಾಗುತ್ತದೆ. ಓಎಂ ಪಡೆದದ್ದು ಚುರುಕು ಮತ್ತು ಸ್ಪಷ್ಟತೆ. ಬ್ಯಾಂಡಿನ ಗದ್ದಲದ ನಡುವೆ ಬೇಕಾದದ್ದೂ ಅದೇ.

ಡ್ರೆಡ್‌ನಾಟ್ ಎಂಬ ಹೆಬ್ಬೊಡಲಿನ ಗಿಟಾರ್ ಕೂಡ ಹುಟ್ಟಿನಲ್ಲಿ ಹನ್ನೆರಡು ಫ್ರೆಟ್ಟಿನದೇ ಎಂದರೆ ಇಂದಿನ ಹುಡುಗರು ನಂಬುವುದಿಲ್ಲ. ಬ್ರಿಟಿಷ್ ಯುದ್ಧನೌಕೆಯ ಹೆಸರು ಹೊತ್ತ ಅದನ್ನು ಮಾರ್ಟಿನ್ 1916ರಲ್ಲಿ ಆಲಿವರ್ ಡಿಟ್ಸನ್ ಕಂಪನಿಗಾಗಿ ಕಟ್ಟಿತು. ತನ್ನ ಸ್ವಂತ ಹೆಸರಿನಲ್ಲಿ ತಂದದ್ದು 1931ರಲ್ಲಿ. 1933ರಲ್ಲಿ ಕೌಬಾಯ್ ಗಾಯಕ ಜೀನ್ ಆಟ್ರಿಗೆ ಮಾಡಿಕೊಟ್ಟ ಮೊದಲ ಡಿ-45ರಲ್ಲೂ ಕತ್ತು ಕೂಡುವುದು ಹನ್ನೆರಡರಲ್ಲೇ. ಮರುವರ್ಷ, 1934ರಲ್ಲಿ, ಡ್ರೆಡ್‌ನಾಟ್ ಸೇರಿ ಮಾರ್ಟಿನ್‌ನ ಮುಖ್ಯ ಮಾದರಿಗಳೆಲ್ಲ ಹದಿನಾಲ್ಕಕ್ಕೆ ಹೊರಳಿದವು. ಗಿಬ್ಸನ್ ಕಡೆಯದೂ ಹೆಚ್ಚು ಕಡಿಮೆ ಇದೇ ಕಥೆ. 1926ರಲ್ಲಿ ಬಂದ ಅದರ ಚಪ್ಪಟೆ ಹಲಗೆಯ ಎಲ್-1ಕ್ಕೆ ಇದ್ದದ್ದು ಹನ್ನೆರಡೇ ಫ್ರೆಟ್. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಕಾಲ ಮೇಲೆ ಕಾಲು ಹಾಕಿ ಕೂತ ಪ್ರಸಿದ್ಧ ಚಿತ್ರದಲ್ಲಿ ಕಾಣುವುದು ಎಲ್-1. 1930ರ ದಶಕ ಮುಂದುವರಿದಂತೆ ಅಲ್ಲೂ ಹದಿನಾಲ್ಕು ಗೆದ್ದಿತು.

ಹೀಗೆ ನೋಡಿದರೆ ಉದ್ದ ಕತ್ತು ಒಂದು ಉದ್ಯೋಗದ ಅಗತ್ಯದಿಂದ ಹುಟ್ಟಿದ್ದು. ದೊಡ್ಡ ಬ್ಯಾಂಡಿನಲ್ಲಿ ನಿಂತು ಮೇಲಿನ ಸ್ವರ ಮುಟ್ಟಬೇಕು, ಹಿತ್ತಾಳೆ ವಾದ್ಯಗಳ ನಡುವೆ ಕೇಳಿಸಬೇಕು. ಮೈಕು, ಆಮೇಲೆ ಬ್ರಿಜ್‌ನ ಕೆಳಗೆ ಕೂರುವ ಪಿಕಪ್ ಬಂದಮೇಲೆ ಗಟ್ಟಿ ದನಿಯ ಅಗತ್ಯ ತೀರಿತು. ರೂಢಿ ಮಾತ್ರ ಉಳಿಯಿತು. ಕಾರ್ಖಾನೆಯ ಅಚ್ಚುಗಳು ಒಮ್ಮೆ ಬದಲಾದಮೇಲೆ ಯಾರೂ ಹಿಂದಿರುಗಿ ಕೇಳಲು ಹೋಗುವುದಿಲ್ಲ. ಆದರೂ ಜಾನಪದ ಗಾಯನದ ಅಲೆಯಲ್ಲಿ ಮೇಲೆದ್ದ ಜೋನ್ ಬಯೆಜ್ ತನ್ನ ದನಿಗೆ ಜೊತೆ ಮಾಡಿಕೊಂಡದ್ದು 1929ರ ಪುಟ್ಟ ಮಾರ್ಟಿನ್ 0-45 ಅನ್ನು. ಆ ಅಲೆಯ ಕಾಲದಲ್ಲೇ ಹನ್ನೆರಡು ಫ್ರೆಟ್ಟಿನ ಡ್ರೆಡ್‌ನಾಟ್ ಕೂಡ ಡಿ-28ಎಸ್ ಎಂಬ ಹೆಸರಿನಲ್ಲಿ ಮರಳಿತು.

ಸಣ್ಣ ಸ್ಕೇಲಿಗೆ ದೊಡ್ಡ ಜಾಹೀರಾತಾದದ್ದು 1992ರಲ್ಲಿ. ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಎರಿಕ್ ಕ್ಲಾಪ್ಟನ್ 1939ರ 000-42 ಹಿಡಿದು ಕೂತರು. ಕೂಡುವುದು ಹದಿನಾಲ್ಕರಲ್ಲೇ, ಆದರೆ ಸ್ಕೇಲ್ 24.9 ಇಂಚು; 1934ರ ಹೊತ್ತಿಗೆ ಮಾರ್ಟಿನ್ 000 ಮಾದರಿಗೆ ಸಣ್ಣ ಸ್ಕೇಲನ್ನು ಕೊಟ್ಟಿತ್ತು. ಆ ಗಿಟಾರ್ 2004ರ ಕ್ರಿಸ್ಟೀಸ್ ಹರಾಜಿನಲ್ಲಿ 7,91,500 ಡಾಲರಿಗೆ ಹೋಯಿತು. ಅದರ ಜಾಡಿನಲ್ಲಿ ಬಂದ ಕ್ಲಾಪ್ಟನ್ ಹೆಸರಿನ ಮಾದರಿಗಳು ಸಣ್ಣ ಸ್ಕೇಲ್ ಎಂದರೆ ಮಕ್ಕಳಾಟಿಕೆ ಎಂಬ ಭಾವನೆಯನ್ನು ತೊಡೆದುಹಾಕಿದವು.

ಸಣ್ಣ ಸ್ಕೇಲ್ ಬೆರಳಿಗೆ ಏಕೆ ಹಗುರ? ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಬಿಗಿದಾಗ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 25.4ರಿಂದ 24.9 ಇಂಚಿಗೆ ಇಳಿದರೆ ಬಿಗಿತ ಶೇ. 4ರಷ್ಟು, 24 ಇಂಚಿಗೆ ಇಳಿದರೆ ಶೇ. 11ರಷ್ಟು ಕಡಿಮೆ. ಫ್ರೆಟ್‌ಗಳ ನಡುವಿನ ಅಂತರದಲ್ಲಿ ಆಗುವ ಉಳಿತಾಯ ಜನ ತಿಳಿದಷ್ಟು ದೊಡ್ಡದಲ್ಲ: ಮೊದಲ ನಾಲ್ಕು ಫ್ರೆಟ್‌ಗಳ ಹರಹು 133 ಮಿ.ಮೀ. ಇದ್ದದ್ದು 24.9 ಇಂಚಿನ ಸ್ಕೇಲಿನಲ್ಲಿ 130 ಚಿಲ್ಲರೆಗೆ ಬರುತ್ತದೆ. ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಒತ್ತುವ ಎಫ್ ಬ್ಯಾರೆ ಹಿಡಿಯಲು ತಿಣುಕುವವರಿಗೆ ನೆರವಾಗುವುದು ಈ ಮೂರು ಮಿಲಿಮೀಟರಿಗಿಂತ ಹೆಚ್ಚಾಗಿ ತಂತಿಯ ಸಡಿಲ. ಸಡಿಲಕ್ಕೆ ಬೆಲೆಯೂ ಇದೆ. ಜೋರಾಗಿ ಬಾರಿಸಿದರೆ ತಂತಿ ಅಗಲವಾಗಿ ತೂಗಿ ಫ್ರೆಟ್ಟಿಗೆ ತಾಗಿ ಗಿರಗುಟ್ಟುತ್ತದೆ. ಶ್ರುತಿ ಇಳಿಸಿ ನುಡಿಸುವವರಿಗಂತೂ ಇದು ಹೇಳಿದ್ದಲ್ಲ.

ತೋಳಿನ ಹಿತವನ್ನು ಕೊಡುವುದು ಸ್ಕೇಲಿಗಿಂತ ಮುಖ್ಯವಾಗಿ ಕತ್ತಿನ ಕೂಡುವಿಕೆ. ಹನ್ನೆರಡನೆಯ ಫ್ರೆಟ್ಟಿನ ಗಿಟಾರ್‌ನಲ್ಲಿ ನಟ್ ಮೈಗೆ ಮೂರೂವರೆ ಸೆಂಟಿಮೀಟರಿನಷ್ಟು ಹತ್ತಿರ ಬರುತ್ತದೆ. ಕುರ್ಚಿಯ ಮೇಲೆ ಕೂತು ಗಂಟೆಗಟ್ಟಲೆ ನುಡಿಸುವವರ ಎಡಭುಜಕ್ಕೆ ಈ ಮೂರೂವರೆ ಸೆಂಟಿಮೀಟರ್ ದೊಡ್ಡ ವಿಷಯ: ಮೊಣಕೈ ಸಹಜವಾಗಿ ಮಡಚುತ್ತದೆ, ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ಹಳೆಯ ಮಾದರಿಗಳ ನಟ್ 47 ಮಿ.ಮೀ. ಆಸುಪಾಸು ಅಗಲವಾಗಿರುತ್ತಿದ್ದುದರಿಂದ ಬೆರಳಿನಿಂದ ಮೀಟುವವರಿಗೆ ತಂತಿಗಳ ನಡುವೆ ಜಾಗವೂ ಸಿಗುತ್ತಿತ್ತು. ಕೈ ಚಿಕ್ಕದಿದ್ದವರಿಗೆ ಅದೇ ಅಗಲ ತೊಡಕು.

ನಾದದ ವಿಷಯದಲ್ಲಿ ನನಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಬ್ರಿಜ್ ಸರಿದರೆ ನಾದ ಬದಲಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಳೆಯ 000 ಪಕ್ಕದಲ್ಲಿ ಹೊಸದನ್ನಿಟ್ಟು ಇದು ಹನ್ನೆರಡನೆಯ ಫ್ರೆಟ್ಟಿನ ಮಹಿಮೆ ಎನ್ನುವವರು ಒಡಲಿನ ಉದ್ದ, ಒಳಪಟ್ಟಿಗಳ ತೂಕ, ಹಲಗೆಯ ವಯಸ್ಸು ಯಾವುದನ್ನೂ ಕಳೆದು ನೋಡುವುದಿಲ್ಲ. ಸಣ್ಣ ಸ್ಕೇಲ್, ಗಿಡ್ಡ ಕತ್ತು ಎರಡೂ ಒಟ್ಟಿಗಿದ್ದರೆ ಯಾವುದರಿಂದ ಏನಾಯಿತೆಂದು ಹೇಳುವುದು ಇನ್ನೂ ಕಷ್ಟ. ತೋಳಿನ ಹಿತಕ್ಕೆ ಅಳತೆಪಟ್ಟಿ ಸಾಕ್ಷಿ ಹೇಳುತ್ತದೆ. ನಾದಕ್ಕೆ ಅಂಥ ಸಾಕ್ಷಿ ಸಿಕ್ಕುವುದು ಅಪರೂಪ.

ಇನ್ನೊಂದು ಕವಲು ಪ್ರಯಾಣದ ಗಿಟಾರ್‌ಗಳದು. 1996ರ ಬೇಬಿ ಟೇಲರ್ ಸ್ಕೇಲ್ 22¾ ಇಂಚು, 2010ರ ಜಿಎಸ್ ಮಿನಿಯದು 23½. ಮಾರ್ಟಿನ್‌ನ ಲಿಟಲ್ ಮಾರ್ಟಿನ್ 23 ಇಂಚಿನದು. ಅದನ್ನು ಹಿಡಿದು ಕ್ರೀಡಾಂಗಣಗಳನ್ನು ತುಂಬಿಸಿದವರು ಎಡ್ ಶೀರನ್. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಹಾಡಲು ನಿಂತಾಗ ಪೊಲೀಸರು ಬಂದು ಮೈಕ್ ನಿಲ್ಲಿಸಿದ್ದರಲ್ಲ, ಅವರೇ. ಅವರನ್ನು ನೋಡಿ ಪುಟ್ಟ ಗಿಟಾರ್ ಕೊಂಡವರಿಗೆ ಲೆಕ್ಕವಿಲ್ಲ. ಅದರ ದನಿಗೆ ಆಳ ಕಡಿಮೆ ಎನ್ನುವುದು ಪಿಕಪ್ಪಿನಿಂದ ಧ್ವನಿವರ್ಧಕಕ್ಕೆ ಹೋದಮೇಲೆ ಅಷ್ಟಾಗಿ ತಿಳಿಯುವುದಿಲ್ಲ. ಮನೆಯ ಕೋಣೆಯಲ್ಲಿ ತಿಳಿಯುತ್ತದೆ.

ಈ ಕಥೆಯಲ್ಲಿ ನಮ್ಮ ಘಟ್ಟದ ಪಾಲೂ ಇದೆ. ಒಡಲಿನ ಬೆನ್ನು ಮತ್ತು ಪಕ್ಕಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಮಾರ್ಟಿನ್ 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಮಲೆನಾಡು, ಕೊಡಗಿನವರಿಗೆ ಮಂಚ, ಬಾಗಿಲುವಾಡಗಳಲ್ಲಿ ಪರಿಚಿತವಾದ ಅದೇ ಬೀಟೆ ಇಂದು ಹನ್ನೆರಡು ಫ್ರೆಟ್ಟಿನ ಎಷ್ಟೋ ದುಬಾರಿ ಗಿಟಾರ್‌ಗಳ ಬೆನ್ನು. 2017ರಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟು, ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಗಲು 2019ರ ಕೊನೆಯವರೆಗೆ ಕಾಯಬೇಕಾಯಿತು.

ಈಗ ಮಾರ್ಟಿನ್‌ನಲ್ಲಿ ಮಹಾಗನಿಯ 000-15ಎಸ್‌ಎಂನಂಥ ಸರಳ ಹನ್ನೆರಡು ಫ್ರೆಟ್ಟಿನವು ಸಿಗುತ್ತವೆ. ಟೇಲರ್ ಅಂಥ ಗಿಟಾರ್‌ನ ಹೆಗಲನ್ನು ಒಂದು ಕಡೆ ಕೊರೆದು ಪೆರಿ ಬೆಕ್ಟೆಲ್‌ನ ಹಳೆಯ ದೂರಿಗೆ ಬೇರೆಯೇ ಪರಿಹಾರ ಕೊಟ್ಟಿದೆ. ಮೇಲಿನ ಸ್ವರಗಳೂ ಎಟಕುತ್ತವೆ, ಬ್ರಿಜ್ ಕೂಡ ತನ್ನ ಜಾಗದಲ್ಲೇ ಇರುತ್ತದೆ. ಐದನೆಯ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) ಹಾಕುವ ಅಭ್ಯಾಸವಿರುವವರು ಮಾತ್ರ ಎರಡು ಸಲ ಯೋಚಿಸಬೇಕು. ಹೆಗಲಿನವರೆಗೆ ಉಳಿಯುವುದು ಏಳೇ ಫ್ರೆಟ್. ಕಡಿಮೆ ಬೆಲೆಯ ಸ್ಟೀಲ್ ತಂತಿಯ ಗಿಟಾರ್‌ಗಳಲ್ಲಿ ಇಂದಿಗೂ ಹದಿನಾಲ್ಕರದೇ ರಾಜ್ಯ. ಹಣ ಹಾಕುವ ಮುಂಚೆ ತೋಳಿಗೆ ಒಗ್ಗುತ್ತದೆಯೇ ನೋಡಬೇಕೆನ್ನುವವರು ಅದೇ ಅಂಗಡಿಯ ಇನ್ನೊಂದು ಗೋಡೆಯಲ್ಲಿರುವ ಅಗ್ಗದ ನೈಲಾನ್ ತಂತಿಯ ಗಿಟಾರ್ ಇಳಿಸಿಕೊಂಡು ಅರ್ಧ ಗಂಟೆ ಕೂರಬಹುದು. ಅದರ ನಟ್ 52 ಮಿ.ಮೀ. ಅಗಲ ಎನ್ನುವುದನ್ನು ಲೆಕ್ಕದಿಂದ ಕಳೆಯಬೇಕು, ಅಷ್ಟೆ.