ಶಿಲೆಯೂ ಸುರುಳಿಯೂ: ದೂರದರ್ಶನದ ಹಳೆಯ ಕಚೇರಿಗಳ ಸಂಗ್ರಹ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿರುವ ನೊಳಂಬರ ಕಾಲದ ಶಿಲಾಶಾಸನಗಳ ಪಾಠವನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಪಾಠದಲ್ಲಿ ಸಂದೇಹ ಹುಟ್ಟಿದರೆ ಶಿಲೆಯನ್ನೇ ಹೋಗಿ ನೋಡಬಹುದು. ದೂರದರ್ಶನದಲ್ಲಿ ಪ್ರಸಾರವಾದ ಹಳೆಯ ರಾಕ್ ಸಂಗೀತ ಕಚೇರಿಗಳನ್ನು ಸಂಗ್ರಹಿಸುವವರಿಗೆ ಅನೇಕ ವೇಳೆ ಈ ಅನುಕೂಲವಿಲ್ಲ.

1960 ಮತ್ತು 70ರ ದಶಕಗಳಲ್ಲಿ ವಿಡಿಯೋ ಸುರುಳಿ ದುಬಾರಿಯಾಗಿದ್ದಿತು. ಆದ್ದರಿಂದ ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು ಅನೇಕ ಕಾರ್ಯಕ್ರಮಗಳನ್ನು ಅಳಿಸಿ ಅದೇ ಸುರುಳಿಗಳನ್ನು ಮತ್ತೆ ಬಳಸಿಕೊಂಡಿತು. ಲೆಡ್ ಜೆಪ್ಲಿನ್ ವೃಂದವು 1969ರ ಮಾರ್ಚ್ ತಿಂಗಳಲ್ಲಿ ಡೆನ್ಮಾರ್ಕಿನ ದೂರದರ್ಶನಕ್ಕಾಗಿ ನಡೆಸಿದ ಕಚೇರಿಯು ಉಳಿದುಬಂದು, 2003ರಲ್ಲಿ ಡಿವಿಡಿಯಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಮೂಲವು ಅಳಿದೆಡೆ ಉಳಿಯುವುದು ಅಭಿಮಾನಿಗಳ ಪ್ರತಿಗಳು ಮಾತ್ರ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ತೆಗೆದಂತೆಲ್ಲ ಚಿತ್ರವೂ ಧ್ವನಿಯೂ ಕ್ಷೀಣಿಸುತ್ತವೆ.

ಆದುದರಿಂದ, ಓಲೆಗರಿ ಪ್ರತಿಗಳ ಪರಂಪರೆಯನ್ನು ಗುರುತಿಸುವಂತೆ, ಪ್ರತಿಯೊಂದು ಚಿತ್ರವೂ ಯಾವ ಪ್ರಸಾರದಿಂದ, ಎಷ್ಟನೆಯ ಪ್ರತಿಯಾಗಿ ಬಂದಿತೆಂಬುದನ್ನು ಬರೆದಿಡುವುದು ಸಂಗ್ರಾಹಕನ ಮೊದಲ ಕರ್ತವ್ಯ. ಇಲ್ಲವಾದರೆ ಸಂಗ್ರಹವು ವಿನೋದವಾಗಿ ಉಳಿದೀತೇ ಹೊರತು ಇತಿಹಾಸದ ಆಕರವಾಗದು. ಬೆಂಗಳೂರಿನ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಅನಂತರ ನಮ್ಮ ಮನೆಗಳಲ್ಲಿ ಮುದ್ರಿಸಿಟ್ಟ ಕಚೇರಿಗಳ ಕ್ಯಾಸೆಟ್ಟುಗಳಿಗೂ ಇದೇ ನಿಯಮ ಸಲ್ಲುತ್ತದೆ. ಅವುಗಳ ಕಾಂತಲೇಪವು ಆವನಿಯ ಶಿಲೆಯಂತೆ ಶತಮಾನಗಳ ಕಾಲ ಬಾಳದು.