ಗ್ರಾಮಸೀಮೆಯಿಂದ ನಿವೇಶನದವರೆಗೆ: ಪಶುಪಾಲನೆಯ ನಿಬಂಧನೆಗಳು

ಆಳಂದ ತಾಲ್ಲೂಕಿನ ಭೂಸನೂರಿನ ಕಡೆಯ ಹಳೆಯ ಒಕ್ಕಲು ಮನೆಗಳಲ್ಲಿ ತಲೆಬಾಗಿಲನ್ನು ದಾಟಿದವನಿಗೆ ಮೊದಲು ಕಾಣುವುದು ಎತ್ತು ಆಕಳುಗಳು. ಗೋದಲಿಯಲ್ಲಿ ಜೋಳದ ಕಣಿಕೆಯನ್ನು ಮೆಲ್ಲುತ್ತಿರುವ ಅವುಗಳಿಗಿಂತ ಒಂದೆರಡು ಮೆಟ್ಟಿಲಷ್ಟು ಎತ್ತರದಲ್ಲಿ ಪಡಸಾಲೆ, ಅದರಾಚೆಗೆ ಅಡುಗೆಮನೆ. ಒಂದೇ ಮಾಡಿನಡಿ ಮನುಷ್ಯರೂ ಪಶುಗಳೂ ಬಾಳಿದ ಈ ವ್ಯವಸ್ಥೆಯಲ್ಲಿ, ವಾಸದ ಮನೆಯಲ್ಲಿ ದನ ಕಟ್ಟಬಹುದೇ ಎಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ದನವು ಎಲ್ಲಿ ಮೇಯಬೇಕು, ಯಾರ ಪೈರನ್ನು ಮುಟ್ಟಬಾರದು ಎಂಬುದಷ್ಟೇ ಪ್ರಾಚೀನರ ವಿಚಾರಕ್ಕೆ ವಿಷಯವಾಗಿತ್ತು.

ಮನುಸ್ಮೃತಿಯು ಗ್ರಾಮದ ಸುತ್ತಲೂ ನೂರು ಧನುಸ್ಸುಗಳಷ್ಟು ನೆಲವನ್ನು, ನಗರಕ್ಕಾದರೆ ಅದರ ಮೂರರಷ್ಟನ್ನು, ಪಶುಗಳಿಗಾಗಿ ಬಿಡಬೇಕೆಂದು ವಿಧಿಸಿತಲ್ಲದೆ, ಅಲ್ಲಿ ಬೇಲಿಯಿಲ್ಲದೆ ಬೆಳೆದ ಪೈರನ್ನು ದನ ಮೇಯ್ದರೆ ಗೋಪಾಲಕನನ್ನು ದಂಡಿಸಲಾಗದೆಂದೂ ಹೇಳಿತು. ಕೌಟಿಲ್ಯನು ಗೋಮಾಳಗಳ ಮೇಲ್ವಿಚಾರಣೆಗೆ ವಿವೀತಾಧ್ಯಕ್ಷನೆಂಬ ಅಧಿಕಾರಿಯನ್ನೇ ಕಲ್ಪಿಸಿದನು. ಪಶುವಿಗೆ ಮೊದಲು ಸ್ಥಳ, ಅನಂತರ ಶಾಸನ ಎಂಬ ಈ ಕ್ರಮವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಬ್ರಿಟಿಷ್ ಭಾರತದ 1871ರ ಕಾಯಿದೆಯು ಪೈರಿಗೆ ನುಗ್ಗಿದ ದನವನ್ನು ಹಿಡಿದು ಇಪ್ಪತ್ನಾಲ್ಕು ಗಂಟೆಗಳೊಳಗೆ ಕೊಂಡವಾಡಕ್ಕೆ ಸೇರಿಸುವ, ದಂಡವನ್ನೂ ಮೇವಿನ ವೆಚ್ಚವನ್ನೂ ತೆತ್ತು ಬಿಡಿಸಿಕೊಳ್ಳುವ, ಯಾರೂ ಬಾರದಿದ್ದರೆ ಹರಾಜು ಹಾಕುವ ಕ್ರಮವನ್ನು ರೂಪಿಸಿತು. ಆಗ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಮೇಲೆ, 1966ರಲ್ಲಿ ರಾಜ್ಯಕ್ಕೆಲ್ಲ ಒಂದೇ ಜಾನುವಾರು ಅತಿಕ್ರಮಣ ಕಾಯಿದೆ ಬಂದಿತು. ಅದೇ ವರ್ಷದ ಭೂಕಂದಾಯ ನಿಯಮಗಳ 97ನೆಯ ನಿಯಮವು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವನ್ನು ಕಾದಿರಿಸಬೇಕೆಂದು ವಿಧಿಸುತ್ತದೆ. ನಮ್ಮವರು ಗಾಯರಾಣವೆನ್ನುವುದು ಇದನ್ನೇ. ಗಾಯರಾಣವು ಒತ್ತುವರಿಯಿಂದಲೂ ಮಂಜೂರಾತಿಯಿಂದಲೂ ಕರಗಿದಲ್ಲೆಲ್ಲ ದನವು ಬೀದಿಗೂ ಅಂಗಳಕ್ಕೂ ತಳ್ಳಲ್ಪಟ್ಟಿತೆಂಬುದನ್ನು ಮರೆಯಲಾಗದು.

ಮನೆ ಬೇರೆ, ಕೊಟ್ಟಿಗೆ ಬೇರೆ ಎಂಬ ವಿಭಜನೆ ನಗರದಿಂದ ಬಂದುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ವಸತಿ, ವಾಣಿಜ್ಯ, ಕೃಷಿ ಎಂದು ವಲಯಗಳನ್ನು ಗುರುತಿಸಲು ದಾರಿಮಾಡಿದ ಮೇಲೆ ಹೈನುಗಾರಿಕೆಯೂ ಕೋಳಿ ಸಾಕಣೆಯೂ ಕೃಷಿವಲಯದ ಪಾಲಾದುವು. ನೊಣ, ಗಂಜಲ, ತಿಪ್ಪೆಗಳಿಂದ ನೆರೆಹೊರೆಯವರ ಆರೋಗ್ಯಕ್ಕೆ ಒದಗುವ ಹಾನಿ ಸುಳ್ಳಲ್ಲವಾದುದರಿಂದ ಈ ನಿರ್ಬಂಧವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಂಬಯಿಯು ತನ್ನ ಬೀದಿಗಳಿಂದ ಎಮ್ಮೆಗಳನ್ನು ಹೊರಕಳುಹಿಸುವಾಗ 1949ರಲ್ಲಿ ಆರೆ ಹಾಲಿನ ಕಾಲೊನಿಯನ್ನು ಕಟ್ಟಿ, ಕೊಟ್ಟಿಗೆ ಮೇವುಗಳನ್ನು ಒದಗಿಸಿತು. ನಮ್ಮ ಪುರಸಭೆಗಳ ನಿಬಂಧನೆಗಳಲ್ಲಿ ಅಂತಹ ಬದಲಿ ವ್ಯವಸ್ಥೆಯ ಚಿಂತೆ ವಿರಳ.

ಸಕ್ಕರೆ ಕಾರ್ಖಾನೆಯಿರುವ ಭೂಸನೂರಿನಂತಹ ಊರು ಇನ್ನು ಹಳ್ಳಿಯೂ ಅಲ್ಲ, ಪಟ್ಟಣವೂ ಅಲ್ಲ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ ಕಟ್ಟಿದವನಿಗೆ ಎರಡು ಎಮ್ಮೆಗಳನ್ನೂ ಕಣಿಕೆಯ ಬಣವೆಯನ್ನೂ ಇರಿಸಲು ಎಡೆಯೆಲ್ಲಿ? 1993ರ ಪಂಚಾಯತ್ ರಾಜ್ ಕಾಯಿದೆಯು ಹುಲ್ಲುಗಾವಲುಗಳ ರಕ್ಷಣೆಯನ್ನು ಗ್ರಾಮ ಪಂಚಾಯತಿಯ ಕಾರ್ಯಗಳಲ್ಲಿ ಸೇರಿಸಿರುವುದರಿಂದ, ಗಾಯರಾಣವನ್ನು ಅಳೆಯಿಸಿ ಗಡಿಕಲ್ಲು ನೆಡಿಸುವುದೂ, ಹೊಸ ಬಡಾವಣೆಯ ನಕ್ಷೆಯಲ್ಲಿ ರಸ್ತೆ ಉದ್ಯಾನಗಳಂತೆಯೇ ಸಾಮೂಹಿಕ ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ನೆಲ ಗುರುತಿಸುವುದೂ ಅದರ ಮೊದಲ ಕೆಲಸವಾಗಲಿ. ದನ ಕಟ್ಟಬಾರದೆಂಬ ನೋಟೀಸು ಅದರ ಅನಂತರ ಹೊರಡಲಿ.